ಗ್ಲ್ಯಾಂಡ್ ಪ್ಯಾಕಿಂಗ್: ಸೋರಿಕೆಯನ್ನು ಹದದಲ್ಲಿಡುವ ಕೆಲಸ

ಪಂಪಿನ ಶಾಫ್ಟು ನೀರಿನೊಳಗಿಂದ ಹೊರಗೆ ಬರಲೇಬೇಕು, ಇಲ್ಲದಿದ್ದರೆ ಮೋಟಾರಿಗೆ ಜೋಡಿಸುವುದು ಎಲ್ಲಿ? ಶಾಫ್ಟು ಹೊರಬರುವ ದಾರಿಯಲ್ಲೇ ನೀರೂ ಹೊರಬರುತ್ತದೆ. ವಾಲ್ವಿನ ಸ್ಪಿಂಡಲ್ಲಿಗೂ ಇದೇ ತೊಡಕು. ಕೈಚಕ್ರ ಹೊರಗಿರಬೇಕು, ಗೇಟು ಒಳಗಿರಬೇಕು, ನಡುವಿನ ಸಂದಿನಲ್ಲಿ ಆವಿಯೋ ಎಣ್ಣೆಯೋ ಆಮ್ಲವೋ ಕಾದು ಕೂತಿರುತ್ತದೆ. ಇದಕ್ಕೆ ಇರುವ ಹಳೆಯ ಪರಿಹಾರ ಇಂದಿಗೂ ಕೆಲಸ ಮಾಡುತ್ತಿದೆ. ಶಾಫ್ಟಿನ ಸುತ್ತ ಒಂದು ಪೊಳ್ಳು ಬಿಟ್ಟು, ಅದರಲ್ಲಿ ಜಿಡ್ಡು ಹಿಡಿಸಿದ ಹೆಣೆದ ಹಗ್ಗವನ್ನು ರಿಂಗುಗಳಾಗಿ ಕತ್ತರಿಸಿ ತುಂಬಿ, ಹೊರಗಿನಿಂದ ಅದನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ಇಟ್ಟು ನಟ್ಟು ಬಿಗಿಯುವುದು. ಪೊಳ್ಳಿಗೆ ಸ್ಟಫಿಂಗ್ ಬಾಕ್ಸ್ ಎಂದೂ ಹಗ್ಗಕ್ಕೆ ಗ್ಲ್ಯಾಂಡ್ ಪ್ಯಾಕಿಂಗ್ ಎಂದೂ ಹೆಸರು.

ನೋಡಲು ಇಷ್ಟು ಸಲೀಸಾಗಿರುವುದರಿಂದಲೇ ಈ ಕೆಲಸಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಪಂಪ್ ಹೌಸಿಗೆ ಹೊಸದಾಗಿ ಬಂದ ಹುಡುಗನಿಗೆ ಮೊದಲು ಒಪ್ಪಿಸುವ ಕೆಲಸ ಇದೇ. ಸೋರಿದರೆ ಅವನಿಗೆ ಸಿಗುವ ಸಲಹೆಯೂ ಒಂದೇ: ಇನ್ನೊಂದು ಸುತ್ತು ಟೈಟ್ ಮಾಡು. ನಮ್ಮಲ್ಲಿ ಸೋರುವ ಗ್ಲ್ಯಾಂಡುಗಳಲ್ಲಿ ಹೆಚ್ಚಿನವು ಪ್ಯಾಕಿಂಗ್ ಮಾಲು ಕೆಟ್ಟದ್ದೆಂದು ಸೋರುತ್ತಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಳತೆ ತೆಗೆಯದೆ, ಹಳೆಯದನ್ನು ಪೂರ್ತಿ ಕೀಳದೆ, ಒಂದೊಂದು ರಿಂಗನ್ನೂ ಕೂರಿಸದೆ, ಅವಸರದಲ್ಲಿ ಬಿಗಿದದ್ದಕ್ಕೆ ಸೋರುತ್ತಿವೆ. ಮಾಲಿನ ಬಗ್ಗೆ ಕಂಪನಿಗಳು ಮಾತಾಡುತ್ತವೆ, ಕೈಕೆಲಸದ ಬಗ್ಗೆ ಮಾತಾಡುವವರು ಕಡಿಮೆ.

ಈ ವಿದ್ಯೆಯ ವಯಸ್ಸು ಸಣ್ಣದಲ್ಲ. ಜೇಮ್ಸ್ ವ್ಯಾಟ್ 1769ರಲ್ಲಿ ಪೇಟೆಂಟ್ ಪಡೆದ ಆವಿಯಂತ್ರದಲ್ಲಿ ಸಿಲಿಂಡರಿನ ಮೇಲ್ಬಾಯಿ ಮುಚ್ಚಬೇಕಾಗಿತ್ತು. ಅದಕ್ಕೂ ಹಿಂದಿನ ನ್ಯೂಕಾಮೆನ್ ಯಂತ್ರಗಳಲ್ಲಿ ಸಿಲಿಂಡರಿನ ಮೇಲ್ಭಾಗ ತೆರೆದೇ ಇರುತ್ತಿತ್ತು. ಬಾಯಿ ಮುಚ್ಚಿದ ಮೇಲೆ ಪಿಸ್ಟನ್ ರಾಡು ಮುಚ್ಚಳವನ್ನು ತೂರಿ ಮೇಲೆ ಬರಬೇಕು, ಆವಿ ಬರಬಾರದು. ಸೆಣಬಿನ ನಾರಿಗೆ ಪ್ರಾಣಿಕೊಬ್ಬು ಹಿಡಿಸಿ ತುಂಬಿದ ಸ್ಟಫಿಂಗ್ ಬಾಕ್ಸ್ ಆ ಕೆಲಸ ಮಾಡಿತು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ, ಸೋಲದೇವನಹಳ್ಳಿಯಲ್ಲಿ ಕೂರಿಸಿದ ಆವಿಯಂತ್ರದ ಪಂಪುಗಳಿಂದ. ಆ ಕಾಲದ ಆವಿಪಂಪಿನಲ್ಲಿ ಪಿಸ್ಟನ್ ರಾಡಿಗೊಂದು, ಪ್ಲಂಜರಿಗೊಂದು, ಪ್ರತಿ ವಾಲ್ವಿನ ಸ್ಪಿಂಡಲ್ಲಿಗೊಂದು ಹೀಗೆ ಗ್ಲ್ಯಾಂಡುಗಳ ಸಾಲೇ ಇರುತ್ತಿತ್ತು. ಈಗ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲಲ್ಲಿ ಕಾವೇರಿಯನ್ನು ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಿ ಊರಿಗೆ ಕೊಡುವ ಕಾಲ. ಯಂತ್ರ ಬದಲಾಗಿದೆ, ಶಾಫ್ಟು ಹೊರಬರುವ ಜಾಗದ ಸಮಸ್ಯೆ ಹಾಗೆಯೇ ಉಳಿದಿದೆ.

ಪ್ಯಾಕಿಂಗ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ಅದನ್ನು ಹಾಕುವ ಕ್ರಮ ಅರ್ಥವಾಗುವುದಿಲ್ಲ. ಗ್ಲ್ಯಾಂಡಿನ ನಟ್ಟು ಬಿಗಿದಾಗ ಒತ್ತಡ ಶಾಫ್ಟಿನ ಉದ್ದಕ್ಕೆ ಬೀಳುತ್ತದೆ. ಹೆಣೆದ ಹಗ್ಗ ಆ ಒತ್ತಡಕ್ಕೆ ಕುಗ್ಗಿ ಅಡ್ಡಕ್ಕೆ ಉಬ್ಬುತ್ತದೆ, ಒಳಗೆ ಶಾಫ್ಟಿಗೂ ಹೊರಗೆ ಬಾಕ್ಸಿನ ಗೋಡೆಗೂ ಅಂಟುತ್ತದೆ. ಆದರೆ ಈ ಒತ್ತಡ ಎಲ್ಲ ರಿಂಗಿಗೂ ಸಮನಾಗಿ ಹೋಗುವುದಿಲ್ಲ. ಪ್ರತಿ ರಿಂಗೂ ಗೋಡೆಗೂ ಶಾಫ್ಟಿಗೂ ಉಜ್ಜಿಕೊಂಡು ಒಂದಿಷ್ಟು ಒತ್ತಡವನ್ನು ತಾನೇ ಹೀರಿ ಮುಂದಿನದಕ್ಕೆ ಉಳಿದದ್ದನ್ನು ಕೊಡುತ್ತದೆ. ಹಾಗಾಗಿ ಗ್ಲ್ಯಾಂಡಿನ ಪಕ್ಕದ ಒಂದೆರಡು ರಿಂಗಿನ ಮೇಲೆ ಭಾರವೆಲ್ಲ ಬೀಳುತ್ತದೆ, ಬಾಕ್ಸಿನ ಬುಡದ ರಿಂಗಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಒಳಗಿನ ನೀರಿನ ಒತ್ತಡವಾದರೋ ಬುಡದಿಂದ ಬರುತ್ತದೆ. ಎಲ್ಲ ರಿಂಗನ್ನೂ ಒಟ್ಟಿಗೆ ತುರುಕಿ ಹೊರಗಿನಿಂದ ಬಿಗಿದವರ ಗ್ಲ್ಯಾಂಡಿನಲ್ಲಿ ಹೊರಗಿನ ಎರಡು ರಿಂಗು ಸುಟ್ಟು ಕರಕಲಾಗಿ, ಒಳಗಿನ ಮೂರು ಹೊಸದರಂತೆಯೇ ಇರುವುದು ಇದರಿಂದ.

ಇನ್ನೊಂದು ಮಾತು: ಪಂಪಿನಲ್ಲಿ ಪ್ಯಾಕಿಂಗ್ ಸುಮ್ಮನೆ ಕೂತಿರುವ ಬಿರಡೆಯಲ್ಲ. ಶಾಫ್ಟಿನ ಮೇಲೆ ತೊಡಿಸಿದ 75 ಮಿ.ಮೀ. ವ್ಯಾಸದ ಸ್ಲೀವು ನಿಮಿಷಕ್ಕೆ 1480 ಸುತ್ತು ತಿರುಗಿದರೆ ಅದರ ಮೈ ಸೆಕೆಂಡಿಗೆ ಸುಮಾರು 5.8 ಮೀಟರ್ ವೇಗದಲ್ಲಿ ಪ್ಯಾಕಿಂಗಿಗೆ ಉಜ್ಜುತ್ತದೆ. 24 ಗಂಟೆ ಓಡುವ ಪಂಪಿನಲ್ಲಿ ಅದು ದಿನಕ್ಕೆ 500 ಕಿಲೋಮೀಟರ್, ಬೆಂಗಳೂರಿನಿಂದ ಬೆಳಗಾವಿಗೆ ಆ ಹಗ್ಗದ ಮೇಲೆ ಜಾರಿಕೊಂಡು ಹೋದಷ್ಟು. ನಡುವೆ ತೆಳ್ಳಗೆ ಒಂದು ನೀರಿನ ಪದರ ಇಲ್ಲದಿದ್ದರೆ ಯಾವ ನಾರೂ ಇದನ್ನು ತಾಳುವುದಿಲ್ಲ. ಆ ಪದರವೇ ಜಿಡ್ಡು, ಅದೇ ತಂಪು. ಅದು ಹೊರಗೆ ಬಂದು ಬಿದ್ದಾಗ ನಾವು ಅದನ್ನು ಸೋರಿಕೆ ಎಂದು ಕರೆಯುತ್ತೇವೆ. ಪಂಪಿನ ಗ್ಲ್ಯಾಂಡಿನಿಂದ ಹನಿ ಬೀಳಲೇಬೇಕು.

ಹಾಕುವ ಕೆಲಸ ಶುರುವಾಗುವುದು ಕೀಳುವುದರಿಂದ. ಇದೇ ಅತ್ಯಂತ ಬೇಸರದ ಹಂತ, ಹೆಚ್ಚು ಮೋಸ ನಡೆಯುವುದೂ ಇಲ್ಲೇ. ಹೊರಗಿನ ಎರಡು ರಿಂಗು ಕಿತ್ತು, ಹೊಸ ಎರಡನ್ನು ಹಾಕಿ, ಗ್ಲ್ಯಾಂಡ್ ಬಿಗಿದರೆ ಅರ್ಧ ಗಂಟೆಯಲ್ಲಿ ಪಂಪು ಓಡುತ್ತದೆ. ಒಳಗೆ ಗಟ್ಟಿಯಾಗಿ ಕಲ್ಲಾದ ಹಳೆಯ ರಿಂಗುಗಳು ಹಾಗೆಯೇ ಉಳಿದು ಸ್ಲೀವನ್ನು ಕೊರೆಯುತ್ತಿರುತ್ತವೆ. ಪ್ಯಾಕಿಂಗ್ ಕೀಳಲೆಂದೇ ಬಗ್ಗುವ ತಂತಿಯ ತುದಿಗೆ ತಿರುಪು ಇರುವ ಎಳೆಗೊಕ್ಕೆ ಸಿಗುತ್ತದೆ. ಒಂದು ಬಾಕ್ಸಿಗೆ ಎರಡು ಕೊಕ್ಕೆ ಬೇಕು, ಎದುರುಬದುರಾಗಿ ತಿರುಪಿ ಸಮನಾಗಿ ಎಳೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸ್ಲೀವಿನ ಮೇಲೆ ಗೀರು ಬೀಳುತ್ತದೆ, ಆಮೇಲೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಆ ಗೀರಿನ ದಾರಿಯಲ್ಲಿ ನೀರು ಬರುತ್ತಲೇ ಇರುತ್ತದೆ. ಬಾಕ್ಸಿನ ನಡುವೆ ನೀರು ಹರಡಲು ಇಟ್ಟ ಲ್ಯಾಂಟರ್ನ್ ರಿಂಗನ್ನೂ ಹೊರತೆಗೆದು, ಅದರ ಹಿಂದಿನ ರಿಂಗುಗಳನ್ನೂ ಕಿತ್ತು, ಟಾರ್ಚ್ ಹಾಕಿ ಬುಡದವರೆಗೆ ನೋಡಿದ ಮೇಲೆಯೇ ಕಿತ್ತದ್ದು ಮುಗಿಯಿತು ಎನ್ನಬೇಕು.

ಕಿತ್ತ ರಿಂಗುಗಳನ್ನು ಕಸದ ಬುಟ್ಟಿಗೆ ಎಸೆಯುವ ಮೊದಲು ಒಂದು ಹಳೆಯ ಪೇಪರಿನ ಮೇಲೆ, ಬಂದ ಕ್ರಮದಲ್ಲೇ ಸಾಲಾಗಿ ಇಡುವ ಫಿಟ್ಟರುಗಳಿದ್ದಾರೆ. ಪಂಪಿನ ಆರೋಗ್ಯವನ್ನು ಅವರು ಆ ಸಾಲಿನಲ್ಲಿ ಓದುತ್ತಾರೆ. ಒಳಮೈ ಸುಟ್ಟು ಹೊಳಪಾಗಿ, ಉಳಿದ ಭಾಗ ಸರಿಯಿದ್ದರೆ ತಂಪು ಸಾಲಲಿಲ್ಲ ಅಥವಾ ಬಿಗಿ ಹೆಚ್ಚಾಯಿತು ಎಂದರ್ಥ. ಹೊರಮೈ ಹೊಳೆಯುತ್ತಿದ್ದರೆ ರಿಂಗು ಬಾಕ್ಸಿನಲ್ಲಿ ಕೂರದೆ ಶಾಫ್ಟಿನ ಜೊತೆ ತಿರುಗಿದೆ, ಎಂದರೆ ಸೈಜು ಚಿಕ್ಕದಾಗಿತ್ತು. ಒಂದು ಪಕ್ಕ ಮಾತ್ರ ಸವೆದು ತೆಳ್ಳಗಾಗಿದ್ದರೆ ಬೇರಿಂಗ್ ಸಡಿಲಾಗಿದೆ ಅಥವಾ ಶಾಫ್ಟಿನ ಅಲೈನ್‌ಮೆಂಟ್ ತಪ್ಪಿದೆ. ಬುಡದ ರಿಂಗು ಪಂಪಿನ ಕಡೆಗೆ ನಾಲಿಗೆ ಚಾಚಿದ್ದರೆ ಬಾಕ್ಸಿನ ಬುಡದಲ್ಲಿ ಶಾಫ್ಟಿನ ಸುತ್ತ ಇರುವ ನೆಕ್ ಬುಶ್ ಸವೆದು ಸಂದು ದೊಡ್ಡದಾಗಿದೆ. ಹಾಕಿದ್ದು ಆರು, ಬಂದದ್ದು ಐದು ಎಂದಾದರೆ ಒಂದು ರಿಂಗು ಒಳಗೆ ಕೊಚ್ಚಿಹೋಗಿದೆ. ಇಷ್ಟು ಮಾಹಿತಿ ಕೊಡುವ ಬೇರೆ ಪರೀಕ್ಷೆಗೆ ಮೀಟರು, ಎಂಜಿನಿಯರು, ರಿಪೋರ್ಟು ಎಲ್ಲ ಬೇಕಾಗುತ್ತದೆ. ಇದಕ್ಕೆ ಬೇಕಾದ್ದು ಒಂದು ಪೇಪರು ಮತ್ತು ಹತ್ತು ನಿಮಿಷದ ವ್ಯವಧಾನ.

ಇನ್ನು ಅಳತೆ. ಬಾಕ್ಸಿನ ಒಳವ್ಯಾಸದಿಂದ ಸ್ಲೀವಿನ ಹೊರವ್ಯಾಸ ಕಳೆದು ಎರಡರಿಂದ ಭಾಗಿಸಿದರೆ ಪ್ಯಾಕಿಂಗಿನ ಸೈಜು. ಬಾಕ್ಸು 100, ಸ್ಲೀವು 75 ಇದ್ದರೆ 12.5 ಮಿ.ಮೀ. ಹಳೆಯ ತುಂಡನ್ನು ಅಂಗಡಿಗೆ ಒಯ್ದು 'ಇಂಥದ್ದೇ ಕೊಡಿ' ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಹಳೆಯ ತುಂಡು ನಜ್ಜುಗುಜ್ಜಾಗಿ ತನ್ನ ಅಳತೆ ಕಳೆದುಕೊಂಡಿರುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೈಜು ದಪ್ಪವಾದರೆ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುವುದೂ ಉಂಟು. ಹೆಣಿಗೆಯ ಎಳೆ ಅಲ್ಲೇ ಮುರಿಯುತ್ತದೆ. ಇದೇ ಹೊತ್ತಿನಲ್ಲಿ ಸ್ಲೀವನ್ನೂ ನೋಡಬೇಕು. ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿದಾಗ ಓಲಾಟ 0.05ರಿಂದ 0.08 ಮಿ.ಮೀ. ಒಳಗಿರಬೇಕು, ಉಗುರು ಆಡಿಸಿದರೆ ಎಲ್ಲೂ ಸಿಕ್ಕಿಕೊಳ್ಳಬಾರದು. ಸ್ಲೀವಿನಲ್ಲಿ ಕಾಲುವೆ ಬಿದ್ದಿದ್ದರೆ ಅದನ್ನು ಬದಲಿಸದೆ ಹೊಸ ಪ್ಯಾಕಿಂಗ್ ಹಾಕುವುದು ದುಡ್ಡು ನೀರಿಗೆ ಹಾಕಿದ ಹಾಗೆ.

ಕತ್ತರಿಸುವ ವಿಷಯದಲ್ಲಿ ಎರಡು ಪಂಥಗಳಿವೆ. ಓರೆಯಾಗಿ 45 ಡಿಗ್ರಿಗೆ ಕತ್ತರಿಸಬೇಕು ಎನ್ನುವವರು, ನೇರವಾಗಿ ಕತ್ತರಿಸಿದರೆ ಸಾಕು ಎನ್ನುವವರು. ವಾಲ್ವಿಗೆ ಓರೆ, ಪಂಪಿಗೆ ನೇರ ಎಂದು ಒಪ್ಪಂದ ಮಾಡಿಕೊಂಡವರೂ ಇದ್ದಾರೆ. ಈ ಜಗಳಕ್ಕೆ ಕೊಡುವಷ್ಟು ಬೆಲೆ ಕತ್ತರಿಸುವ ಕೋನಕ್ಕಿಲ್ಲ. ಕೊಯ್ತ ಶುದ್ಧವಾಗಿರಬೇಕು, ಎರಡೂ ತುದಿ ಸಂದಿಲ್ಲದೆ, ಒಂದರ ಮೇಲೊಂದು ಏರದೆ ಕೂಡಬೇಕು. ಅದಕ್ಕಾಗಿ ಸ್ಲೀವಿನಷ್ಟೇ ವ್ಯಾಸದ ಪೈಪಿಗೋ ಮರದ ದುಂಡಿಗೋ ಹಗ್ಗವನ್ನು ಸುತ್ತಿ, ಹರಿತವಾದ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ಯಬೇಕು. 75ರ ಸ್ಲೀವಿಗೆ 12.5ರ ಪ್ಯಾಕಿಂಗ್ ಎಂದರೆ ರಿಂಗಿನ ನಡುಗೆರೆಯ ಉದ್ದ ಸುಮಾರು 275 ಮಿ.ಮೀ. ಮೊದಲನೆಯದನ್ನು ಬಾಕ್ಸಿನಲ್ಲಿಟ್ಟು ಪರೀಕ್ಷಿಸಿ ಆಮೇಲೆ ಉಳಿದವನ್ನು ಕತ್ತರಿಸುವುದು ಕ್ಷೇಮ. ಹಗ್ಗವನ್ನು ತುಂಡು ಮಾಡದೆ ಸುರುಳಿಯಾಗಿ ಸುತ್ತಿ ತುಂಬುವವರ ಬಗ್ಗೆ ಮಾತ್ರ ರಾಜಿ ಇಲ್ಲ. ಸುರುಳಿ ಎಂದರೆ ನೀರಿಗೆ ಬುಡದಿಂದ ಬಾಯಿಯವರೆಗೆ ಹಾಕಿಕೊಟ್ಟ ಒಂದೇ ದಾರಿ.

ಕೂರಿಸುವಾಗ ರಿಂಗನ್ನು ನೇರವಾಗಿ ಹಿಗ್ಗಿಸಬಾರದು. ಎರಡು ತುದಿಯನ್ನು ಅಕ್ಕಪಕ್ಕಕ್ಕೆ, ಸ್ಪ್ರಿಂಗಿನ ಸುತ್ತು ಬಿಚ್ಚಿದಂತೆ ಓರೆಮಾಡಿ ಶಾಫ್ಟಿಗೆ ತೊಡಿಸಬೇಕು. ಎರಡು ಹೋಳಾದ ಬುಶ್ಶನ್ನು ಗ್ಲ್ಯಾಂಡಿನಿಂದ ತಳ್ಳಿ ಪ್ರತಿ ರಿಂಗನ್ನೂ ಬುಡಕ್ಕೆ ಒತ್ತಿ ಕೂರಿಸಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, ಮುಂದಿನದಕ್ಕೆ ಹೋಗಬೇಕು. ಒಂದರ ಜೋಡಿನಿಂದ ಇನ್ನೊಂದರ ಜೋಡು 90 ಅಥವಾ 120 ಡಿಗ್ರಿ ಸರಿದಿರಬೇಕು. ಒತ್ತಡ ಹೊರಗಿನ ರಿಂಗಿನಲ್ಲೇ ನಿಂತುಬಿಡುತ್ತದೆ ಎಂದು ಆಗಲೇ ಹೇಳಿದೆ. ಒಂದೊಂದಾಗಿ ಕೂರಿಸುವುದೇ ಅದಕ್ಕಿರುವ ಮದ್ದು. ಎಲ್ಲ ತುಂಬಿದ ಮೇಲೆ ಗ್ಲ್ಯಾಂಡನ್ನು ಸ್ಪ್ಯಾನರಿನಿಂದ ಒಮ್ಮೆ ಬಿಗಿದು, ಸಡಿಲಿಸಿ, ಮತ್ತೆ ಕೈಬೆರಳಿನಿಂದ ತಿರುಗಿಸುವಷ್ಟು ಮಾತ್ರ ಬಿಗಿಯಬೇಕು.

ಪಂಪು ಶುರುಮಾಡಿದ ಕೂಡಲೇ ನೀರು ಧಾರೆಯಾಗಿ ಬರುತ್ತದೆ. ಪಕ್ಕದಲ್ಲಿ ಮೇಲಧಿಕಾರಿ ನಿಂತಿದ್ದರೆ ಆ ಧಾರೆಯನ್ನು ಸಹಿಸುವುದು ಫಿಟ್ಟರಿಗೆ ಕಷ್ಟ. ಆದರೆ ಮೊದಲ ಹತ್ತು ಹದಿನೈದು ನಿಮಿಷ ಅದನ್ನು ಮುಟ್ಟಬಾರದು. ಆಮೇಲೆ ಎರಡೂ ನಟ್ಟನ್ನು ಸಮನಾಗಿ, ಒಂದೊಂದು ಮುಖದಷ್ಟು, ಎಂದರೆ ಸುತ್ತಿನ ಆರನೇ ಒಂದು ಭಾಗ ಬಿಗಿದು, ಮತ್ತೆ ಹದಿನೈದು ನಿಮಿಷ ಬಿಡಬೇಕು. ಅಂಗೈ ಹಿಂಭಾಗದಿಂದ ಸ್ಟಫಿಂಗ್ ಬಾಕ್ಸಿನ ಮೈ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಸಡಿಲಿಸಬೇಕು. ಕರಟಿದ ವಾಸನೆ ಬಂದಾಗ ಪ್ಯಾಕಿಂಗ್ ಆಗಲೇ ಹಾಳಾಗಿರುತ್ತದೆ. ಅದಕ್ಕೆ ತಣ್ಣೀರು ಎರಚಿ ಮುಂದುವರಿಸುವುದರಿಂದ ಸ್ಲೀವು ಸೀಳುವ ಅಪಾಯವೂ ಸೇರಿಕೊಳ್ಳುತ್ತದೆ. ಹೀಗೆ ಹದಕ್ಕೆ ತರಲು ಎರಡು ಮೂರು ಗಂಟೆ ಬೇಕು. ಶಿಫ್ಟಿನ ಕೊನೆಯ ಅರ್ಧ ಗಂಟೆಯಲ್ಲಿ ಮಾಡುವ ಕೆಲಸ ಇದಲ್ಲ.

ಹದ ಎಂದರೆ ಎಷ್ಟು ಹನಿ? ಪುಸ್ತಕಗಳಲ್ಲಿ ಸಿಗುವ ಹಳೆಯ ಲೆಕ್ಕ, ಶಾಫ್ಟಿನ ಪ್ರತಿ ಇಂಚು ವ್ಯಾಸಕ್ಕೆ ನಿಮಿಷಕ್ಕೆ 10ರಿಂದ 12 ಹನಿ. ಮೂರಿಂಚಿನ ಶಾಫ್ಟಿಗೆ ಮೂವತ್ತು ಮೂವತ್ತೈದು. ನಿಮಿಷಕ್ಕೆ 40ರಿಂದ 60 ಹನಿ ಇರಲಿ ಎನ್ನುವವರೂ ಇದ್ದಾರೆ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ನಿಮಿಷಕ್ಕೆ 60 ಹನಿ ಎಂಬುದು ದಿನಕ್ಕೆ ನಾಲ್ಕು ಲೀಟರಿಗೆ ಸ್ವಲ್ಪ ಹೆಚ್ಚು, ಅರ್ಧ ಬಕೆಟ್ಟೂ ಅಲ್ಲ. ಗ್ರಾಫೈಟು ಹೆಚ್ಚಿರುವ ಹೊಸ ಪ್ಯಾಕಿಂಗುಗಳು ಬಿಸಿಯನ್ನು ಚೆನ್ನಾಗಿ ಹೊರಕ್ಕೆ ದಾಟಿಸುವುದರಿಂದ ಇನ್ನೂ ಕಡಿಮೆ ಹನಿಯಲ್ಲಿ ಬದುಕುತ್ತವೆ. ಪಿಟಿಎಫ್‌ಇ ನಾರಿನ ಪ್ಯಾಕಿಂಗ್ ಜಾರುವಿಕೆಯಲ್ಲಿ ಉತ್ತಮ, ರಾಸಾಯನಿಕಗಳಿಗೆ ಅಂಜುವುದಿಲ್ಲ, ಆದರೆ ಬಿಸಿಯನ್ನು ದಾಟಿಸುವುದಿಲ್ಲ, ಕಾದರೆ ಹಿಗ್ಗುತ್ತದೆ. ಅದನ್ನು ಹಾಕಿದ ಗ್ಲ್ಯಾಂಡಿಗೆ ಬಿಗಿತದಲ್ಲಿ ಇನ್ನಷ್ಟು ಸಂಯಮ ಬೇಕು. ಮರಳು ಬೆರೆತ ನೀರಿಗೆ ಅರಾಮಿಡ್ ನಾರಿನದು ಗಟ್ಟಿಮುಟ್ಟು, ಆದರೆ ಮೆತ್ತನೆಯ ಸ್ಲೀವನ್ನು ಅದೇ ತಿಂದುಹಾಕುತ್ತದೆ. ಎಲ್ಲದಕ್ಕೂ ಆಗುವ ಒಂದೇ ಪ್ಯಾಕಿಂಗ್ ಎಂದು ಮಾರುವವರನ್ನು ನಂಬಬೇಕಿಲ್ಲ.

ನೀರು ಹೊರಗೆ ಬರುವ ತೊಂದರೆ ಕಣ್ಣಿಗೆ ಕಾಣುತ್ತದೆ, ಗಾಳಿ ಒಳಗೆ ಹೋಗುವುದು ಕಾಣುವುದಿಲ್ಲ. ತೆರೆದ ಬಾವಿಯ ದಡದಲ್ಲಿ ಪಂಪು ಕೂರಿಸಿ ನೀರೆತ್ತಿದ ರೈತರಿಗೆ ಇದು ಚೆನ್ನಾಗಿ ಗೊತ್ತು. ಬಾವಿಯ ನೀರು ಪಂಪಿಗಿಂತ ಕೆಳಗಿದ್ದಾಗ ಸಕ್ಷನ್ ಕಡೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ ಇರುತ್ತದೆ. ಗ್ಲ್ಯಾಂಡ್ ಸಡಿಲವಾಗಿದ್ದರೆ ಅಲ್ಲಿಂದ ಪಂಪು ಗಾಳಿ ಎಳೆಯುತ್ತದೆ, ನೀರು ಕಡಿಮೆಯಾಗಿ ಕೊನೆಗೆ ನಿಂತೇಹೋಗುತ್ತದೆ. ಫೂಟ್ ವಾಲ್ವ್ ಕೆಟ್ಟಿತೆಂದು ಪೈಪಿಗೆ ಸಗಣಿ ನೀರು ಹೊಯ್ದು ಹೊಯ್ದು ಸೋತವರ ಪಂಪಿನಲ್ಲಿ ದೋಷ ಗ್ಲ್ಯಾಂಡಿನಲ್ಲಿರುವುದುಂಟು. ಓಡುವ ಪಂಪಿನ ಗ್ಲ್ಯಾಂಡಿನ ಬಾಯಿಗೆ ಗ್ರೀಸು ಮೆತ್ತಿ ನೋಡಿದರೆ ಸಾಕು, ಗಾಳಿ ಎಳೆಯುತ್ತಿದ್ದರೆ ಗ್ರೀಸು ಒಳಕ್ಕೆ ಹೋಗುತ್ತದೆ. ನೀರು ಸರಬರಾಜಿನ ದೊಡ್ಡ ಸ್ಪ್ಲಿಟ್ ಕೇಸಿಂಗ್ ಪಂಪುಗಳಲ್ಲಿ ಎರಡು ಬದಿಯ ಬಾಕ್ಸೂ ಸಕ್ಷನ್ ಒತ್ತಡದಲ್ಲಿರುತ್ತವೆ. ಅದಕ್ಕೇ ಕೇಸಿಂಗಿನಿಂದ ಸಣ್ಣ ಪೈಪೊಂದನ್ನು ಎಳೆದು ಬಾಕ್ಸಿನ ನಡುವೆ ನೀರು ಕೊಡುತ್ತಾರೆ. ಆ ನೀರು ಶಾಫ್ಟಿನ ಸುತ್ತ ಹರಡಲು ಇರುವುದೇ ಲ್ಯಾಂಟರ್ನ್ ರಿಂಗ್. ಪ್ಯಾಕಿಂಗ್ ಹಾಕುವಾಗ ಅದು ನೀರಿನ ತೂತಿಗೆ ಸರಿಯಾಗಿ ಎದುರು ಬರಬೇಕು, ಬಿಗಿದಾಗ ಒಳಕ್ಕೆ ಸರಿಯುವ ಅಂದಾಜನ್ನೂ ಸೇರಿಸಿ ತೂತಿನಿಂದ ತುಸು ಹೊರಗಿಡಬೇಕು. ಲೆಕ್ಕ ತಪ್ಪಿ ತೂತಿನ ಎದುರು ಪ್ಯಾಕಿಂಗ್ ರಿಂಗು ಬಂದರೆ ನೀರಿನ ದಾರಿ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಪೈಪು ಇದೆ, ಕಾಕು ತೆರೆದಿದೆ, ಒಳಗೆ ಪ್ಯಾಕಿಂಗ್ ಒಣಗಿ ಸುಡುತ್ತಿದೆ.

ವಾಲ್ವಿನ ಕತೆ ಬೇರೆ, ಹೆಚ್ಚುಕಡಿಮೆ ತಿರುವುಮುರುವು. ಸ್ಪಿಂಡಲ್ ಯಾವಾಗಲೋ ಒಮ್ಮೆ ನಿಧಾನವಾಗಿ ಆಡುತ್ತದೆ, ಬಿಸಿ ಹುಟ್ಟುವ ಪ್ರಶ್ನೆಯೇ ಇಲ್ಲ. ಹಾಗಾಗಿ ಇಲ್ಲಿ ಹನಿಯೂ ಬೀಳಬಾರದು. ಪಂಪಿನಲ್ಲಿ ಸಡಿಲ ಬಿಟ್ಟು ಅಭ್ಯಾಸವಾದ ಕೈ ವಾಲ್ವಿನಲ್ಲಿ ಗಟ್ಟಿಯಾಗಿ ಬಿಗಿಯಬೇಕು, ಆದರೆ ಅದಕ್ಕೂ ಲೆಕ್ಕವಿದೆ. ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿದು, ನಡುನಡುವೆ ವಾಲ್ವನ್ನು ಐದಾರು ಬಾರಿ ತೆರೆದು ಮುಚ್ಚಿ, ಪ್ಯಾಕಿಂಗ್ ಕೂತು ಬಿಗಿ ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಡಬೇಕು. ಬರೀ ಅಂದಾಜಿನ ಮೇಲೆ ಬಿಗಿದರೆ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ. ಕಂಟ್ರೋಲ್ ವಾಲ್ವಿನಲ್ಲಾದರೆ ಈ ಹಿಡಿತದಿಂದ ಇಡೀ ಪ್ಲಾಂಟಿನ ನಿಯಂತ್ರಣವೇ ಜೋಲಿ ಹೊಡೆಯುತ್ತದೆ, ದೋಷವನ್ನು ಮಾತ್ರ ಇನ್‌ಸ್ಟ್ರುಮೆಂಟಿನವರ ತಲೆಗೆ ಕಟ್ಟುತ್ತಾರೆ.

ಆಳವಾದ ಬಾಕ್ಸಿನ ತುಂಬ ರಿಂಗು ತುಂಬಿದರೆ ಹೆಚ್ಚು ಭದ್ರ ಎಂಬ ನಂಬಿಕೆ ಇಂದಿಗೂ ಹೋಗಿಲ್ಲ. 1980ರ ದಶಕದಲ್ಲಿ ಅಮೆರಿಕದ ವಿದ್ಯುತ್ ಕ್ಷೇತ್ರದ ಸಂಶೋಧನಾ ಸಂಸ್ಥೆ ಇಪಿಆರ್‌ಐ ಅಣುಸ್ಥಾವರಗಳ ವಾಲ್ವುಗಳ ಮೇಲೆ ನಡೆಸಿದ ಕೆಲಸ ಇದನ್ನು ತಿರುಗಿಸಿ ಹಾಕಿತು. ಐದಾರು ರಿಂಗು ಸಾಕು, ಉಳಿದ ಆಳವನ್ನು ಕಾರ್ಬನ್ ಬುಶ್ಶಿನಿಂದ ತುಂಬಿ ಎಂಬುದು ಅಲ್ಲಿಂದ ಬಂದ ಪಾಠ. ರಿಂಗು ಹೆಚ್ಚಿದಷ್ಟೂ ಕುಗ್ಗುವ ಮೆತ್ತನೆಯ ಮಾಲು ಹೆಚ್ಚುತ್ತದೆ, ಬಿಗಿ ಬೇಗ ಇಳಿಯುತ್ತದೆ. ಬಿಗಿ ಇಳಿಯದಂತೆ ನಟ್ಟಿನ ಕೆಳಗೆ ಬಟ್ಟಲಿನಾಕಾರದ ಬೆಲ್‌ವಿಲ್ ವಾಶರುಗಳನ್ನು ಪೇರಿಸುವ ಪದ್ಧತಿಯೂ ಅದೇ ಕಾಲದಲ್ಲಿ ಹಬ್ಬಿತು. ನಡುವೆ ಅಚ್ಚಿನಲ್ಲಿ ಒತ್ತಿದ ಗ್ರಾಫೈಟ್ ರಿಂಗು, ಎರಡು ತುದಿಗೆ ಅದು ಹೊರಕ್ಕೆ ಹಿಂಡಿ ಬರದಂತೆ ತಡೆಯುವ ಹೆಣೆದ ರಿಂಗು ಎಂಬುದು ಈಗ ಆವಿಯ ವಾಲ್ವಿನ ಮಾಮೂಲಿ ಜೋಡಣೆ. ಗ್ರಾಫೈಟ್ ಆವಿಯಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಗಾಳಿ ತಗುಲುವಲ್ಲಿ 450ರ ಆಸುಪಾಸಿನಲ್ಲೇ ಉರಿದು ಸವೆಯತೊಡಗುತ್ತದೆ.

ವಾಲ್ವಿನ ಪ್ಯಾಕಿಂಗ್ ಬದಲಿಸುವಾಗ ಜೀವಕ್ಕೆ ಅಪಾಯವಿದೆ. ಗೇಟ್ ವಾಲ್ವನ್ನು ಪೂರ್ತಿ ತೆರೆದರೆ ಸ್ಪಿಂಡಲಿನ ಭುಜ ಮೇಲಿನ ಬ್ಯಾಕ್ ಸೀಟಿಗೆ ಒತ್ತಿ ಬಾಕ್ಸಿಗೆ ಒತ್ತಡ ತಪ್ಪುತ್ತದೆ, ಹಾಗಾಗಿ ಲೈನು ನಿಲ್ಲಿಸದೆ ಪ್ಯಾಕಿಂಗ್ ಬದಲಿಸಬಹುದು ಎಂಬ ಮಾತನ್ನು ಹಳಬರು ಹೇಳಿಕೊಡುತ್ತಾರೆ. ವರ್ಷಗಟ್ಟಲೆ ಮುಟ್ಟದ ಆ ಸೀಟು ನಿಜಕ್ಕೂ ಹಿಡಿದಿದೆಯೇ ಎಂದು ಹೊರಗೆ ನಿಂತು ಹೇಳಲು ಸಾಧ್ಯವಿಲ್ಲ. ಇದನ್ನು ಮಾಡಲೇಬಾರದು. ಲೈನನ್ನು ಬೇರ್ಪಡಿಸಿ, ಒತ್ತಡ ಇಳಿಸಿ, ಬೀಗ ಹಾಕಿ ಚೀಟಿ ಕಟ್ಟಿದ ಮೇಲೂ ಗ್ಲ್ಯಾಂಡಿನ ನಟ್ಟುಗಳನ್ನು ಮೊದಲಿಗೇ ಪೂರ್ತಿ ಬಿಚ್ಚಬಾರದು. ಒಂದೆರಡು ಸುತ್ತು ಸಡಿಲಿಸಿ, ಗ್ಲ್ಯಾಂಡನ್ನು ಅಲುಗಿಸಿ, ಒಳಗೆ ಉಳಿದ ಒತ್ತಡವೇನಾದರೂ ಇದ್ದರೆ ಅದು ಮೆಲ್ಲಗೆ ಹೊರಬರಲು ಬಿಡಬೇಕು. ಹೆಚ್ಚು ಕಾದ ಆವಿ ಸೋರುವಾಗ ಕಣ್ಣಿಗೆ ಕಾಣುವುದಿಲ್ಲ, ಶಬ್ದ ಮಾತ್ರ ಕೇಳುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಕೈ ಚಾಚಿ ಹುಡುಕುವುದೆಂದರೆ ಕೈ ಕಳೆದುಕೊಳ್ಳುವುದು.

ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ ವಾಲ್ವಿನ ಸೋರಿಕೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಲ್ಲಿ ಸಾವಿರಾರು ವಾಲ್ವುಗಳ ಸ್ಪಿಂಡಲಿನಿಂದ ಕಾಣದಂತೆ ಸೋರುವ ಬೆಂಜೀನಿನಂಥ ಅನಿಲಗಳು ಕೆಲಸಗಾರರ ಉಸಿರಿಗೂ ಸುತ್ತಲಿನ ಊರಿಗೂ ಸೇರುತ್ತವೆ. ಅಮೆರಿಕದಲ್ಲಿ 1990ರ ಶುದ್ಧ ಗಾಳಿ ಕಾಯ್ದೆಯ ತಿದ್ದುಪಡಿಯ ನಂತರ ವಾಲ್ವುಗಳ ಬಳಿ ಮೀಟರ್ ಹಿಡಿದು ಸೋರಿಕೆ ಅಳೆಯುವುದು ಬಿಗಿಯಾಯಿತು. ಭಾರತದಲ್ಲೂ ರಿಫೈನರಿಗಳಿಗೆ 2008ರಲ್ಲಿ ಹೊರಡಿಸಿದ ಮಾನದಂಡಗಳಲ್ಲಿ ಸೋರಿಕೆ ಪತ್ತೆ ಮತ್ತು ದುರಸ್ತಿಯ ನಿಯಮ ಸೇರಿದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ 622 ಎಂಬ ಪರೀಕ್ಷೆಯಲ್ಲಿ ಪ್ಯಾಕಿಂಗನ್ನು ಮೀಥೇನ್ ತುಂಬಿದ ಸಾಧನದಲ್ಲಿಟ್ಟು 1510 ಬಾರಿ ಸ್ಪಿಂಡಲ್ ಆಡಿಸಿ, ನಡುವೆ 5 ಬಾರಿ 260 ಡಿಗ್ರಿಗೆ ಕಾಯಿಸಿ ತಣಿಸುತ್ತಾರೆ. ಇಷ್ಟಾದರೂ ಸೋರಿಕೆ 100 ಪಿಪಿಎಂ ದಾಟಬಾರದು. ಇದು ಮಾಲಿಗೆ ಸಿಗುವ ಸರ್ಟಿಫಿಕೇಟು, ಹಾಕಿದ ಕೈಗಲ್ಲ. ಪರೀಕ್ಷೆ ಗೆದ್ದ ಪ್ಯಾಕಿಂಗನ್ನು ಗೀರು ಬಿದ್ದ ಸ್ಪಿಂಡಲಿಗೆ ಹಾಕಿದರೆ ಅದೂ ಸೋರುತ್ತದೆ. ಕೈಗಾದಂಥ ಭಾರಜಲದ ಅಣುಸ್ಥಾವರಗಳಲ್ಲಿ ಒಂದೊಂದು ಹನಿಯೂ ದುಬಾರಿ, ಜೊತೆಗೆ ಟ್ರೀಷಿಯಂ ಬೆರೆತದ್ದು. ಅಂಥಲ್ಲಿ ಪ್ಯಾಕಿಂಗನ್ನು ನೆಚ್ಚಿ ಕೂರದೆ ಸಾಧ್ಯವಿರುವೆಡೆಯಲ್ಲೆಲ್ಲ ಲೋಹದ ಬೆಲ್ಲೋಸ್ ಇರುವ ವಾಲ್ವುಗಳನ್ನು ಬಳಸುವುದು ಸರಿಯಾದ ತೀರ್ಮಾನ.

ನಮ್ಮ ಊರುಗಳ ಕುಡಿಯುವ ನೀರಿನ ವಾಲ್ವುಗಳ ಬಗ್ಗೆ ಇಷ್ಟು ಯೋಚನೆ ಯಾರೂ ಮಾಡಿಲ್ಲ. ಬೀದಿಯ ಗುಂಡಿಯಲ್ಲಿ ಕೂತ ಸ್ಲೂಸ್ ವಾಲ್ವು ರಿಪೇರಿಯ ದಿನ ಮುಚ್ಚಲು ಇರುವಂಥದ್ದು, ವರ್ಷಕ್ಕೆ ಕೆಲವು ಬಾರಿ ಆಡಿದರೆ ಹೆಚ್ಚು. ಆದರೆ ನಮ್ಮಲ್ಲಿ ನೀರಿಗೆ ಬಡಾವಣೆಗೊಂದು ಸರದಿ. ನೀರುಗಂಟಿ ಅಥವಾ ವಾಲ್ವ್‌ಮ್ಯಾನ್ ಉದ್ದನೆಯ ಕೀ ಹಿಡಿದು ದಿನಕ್ಕೆ ಎರಡು ಬಾರಿ ಅದನ್ನು ತಿರುಗಿಸುತ್ತಾನೆ. ಪ್ಯಾಕಿಂಗ್ ಸವೆದು ಗುಂಡಿ ನೀರಿನಿಂದ ತುಂಬುತ್ತದೆ, ಬೀದಿಯ ಕೊಳಕೂ ಅದಕ್ಕೇ ಇಳಿಯುತ್ತದೆ. ನೀರು ಬಿಟ್ಟಾಗ ಗ್ಲ್ಯಾಂಡಿನಿಂದ ಹೊರಕ್ಕೆ ಚಿಮ್ಮುವುದು ಜನರ ಕಣ್ಣಿಗೆ ಬೀಳುತ್ತದೆ, ದೂರು ಹೋಗುತ್ತದೆ. ನೀರು ನಿಲ್ಲಿಸಿದ ಮೇಲೆ ಏನಾಗುತ್ತದೆಂಬುದು ಕಣ್ಣಿಗೆ ಬೀಳುವುದಿಲ್ಲ. ಪೈಪು ಬರಿದಾಗುವಾಗ ಒಳಗೆ ಹೀರುವಿಕೆ ಹುಟ್ಟುತ್ತದೆ, ಗುಂಡಿಯ ಕೊಳಕು ನೀರು ಅದೇ ಗ್ಲ್ಯಾಂಡಿನ ದಾರಿಯಲ್ಲಿ ಪೈಪಿಗೆ ನುಗ್ಗುತ್ತದೆ, ಮರುದಿನ ಮನೆಗೆ ಬರುವ ಮೊದಲ ಕೊಡದಲ್ಲಿ ಅದಿರುತ್ತದೆ. ಬೇಸಿಗೆಯಲ್ಲಿ ಒಂದು ಬೀದಿಗೇ ವಾಂತಿಭೇದಿ ಬಂದಾಗ ಒಡೆದ ಪೈಪನ್ನು ಹುಡುಕುತ್ತಾರೆ. ಗುಂಡಿಯಲ್ಲಿ ಮುಳುಗಿದ ಗ್ಲ್ಯಾಂಡನ್ನೂ ಹುಡುಕಬೇಕು. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಪ್ರದೇಶಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ವ್ಯವಸ್ಥೆ ಬಂತು. ಅದರ ಗುಣಗಳನ್ನು ಎಣಿಸುವಾಗ, ಪೈಪಿನಲ್ಲಿ ಸದಾ ಒತ್ತಡ ಇರುವುದರಿಂದ ಹೊರಗಿನ ಕೊಳಕು ಒಳಗೆ ಬರಲು ಎಡೆಯಿಲ್ಲ, ವಾಲ್ವನ್ನು ದಿನವೂ ತಿರುಗಿಸಿ ಸವೆಸಬೇಕಿಲ್ಲ ಎಂಬ ಎರಡನ್ನೂ ಸೇರಿಸಬೇಕು. ಅದು ಎಲ್ಲೆಡೆ ಬರುವವರೆಗೆ ನೀರುಗಂಟಿಯ ಚೀಲದಲ್ಲಿ ಕೀ ಜೊತೆಗೆ ಸರಿಯಾದ ಸೈಜಿನ ಪ್ಯಾಕಿಂಗೂ ಎಳೆಗೊಕ್ಕೆಯೂ ಇರಬೇಕು, ಗುಂಡಿಯ ನೀರು ಹೊರಹೋಗುವ ದಾರಿ ಇರಬೇಕು.

ಹಳೆಯ ಪ್ಯಾಕಿಂಗಿನ ಮಾತು ಬಂದಾಗ ಕಲ್ನಾರನ್ನು ಬಿಟ್ಟು ಮುಂದೆ ಹೋಗಲಾಗದು. ಆವಿ ವಾಲ್ವುಗಳಿಗೆ ದಶಕಗಟ್ಟಲೆ ಬಳಸಿದ್ದು ಕಲ್ನಾರಿನ ಹಗ್ಗವನ್ನೇ. ಬೆಂಕಿಗೆ ಅಂಜದ, ಅಗ್ಗದ, ಹೆಣೆಯಲು ಒಗ್ಗುವ ನಾರು ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಅದರ ದೂಳು ಉಸಿರಾಡಿದವರಿಗೆ ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ನಂತರ, ಆ ಹೊತ್ತಿಗೆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಕೆಲಸಗಾರರ ಪ್ರಕರಣದಲ್ಲಿ ಆರೋಗ್ಯವೂ ಬದುಕುವ ಹಕ್ಕಿನ ಭಾಗ ಎಂದು ತೀರ್ಪಿತ್ತು, ಕೆಲಸ ಬಿಟ್ಟ ನಂತರವೂ ಆರೋಗ್ಯದ ದಾಖಲೆ ಇಡಬೇಕೆಂದು ಹೇಳಿತು. ಆ ತೀರ್ಪು ಗಣಿ ಮತ್ತು ಕಾರ್ಖಾನೆಯವರನ್ನು ಮುಟ್ಟಿತು. ಒಣಗಿದ ರಿಂಗನ್ನು ಕಿತ್ತು, ಕಂಪ್ರೆಸರಿನ ಗಾಳಿಯಿಂದ ಬಾಕ್ಸು ಊದಿದ ಫಿಟ್ಟರುಗಳ ಲೆಕ್ಕ ಇಟ್ಟವರು ಕಡಿಮೆ. ಹಳೆಯ ಆವಿ ವಾಲ್ವಿನಲ್ಲಿ ಬೂದುಬಣ್ಣದ, ನಾರುನಾರಾದ ಪ್ಯಾಕಿಂಗ್ ಕಂಡರೆ ಅದು ಕಲ್ನಾರೇ ಎಂದು ಹಿಡಿದು ನಡೆದುಕೊಳ್ಳಬೇಕು. ನೀರಿನಿಂದ ತೋಯಿಸಿ ಕೀಳಬೇಕು, ಗಾಳಿ ಊದಬಾರದು, ತಕ್ಕ ಮಾಸ್ಕ್ ಹಾಕಬೇಕು, ಕಿತ್ತದ್ದನ್ನು ಚೀಲದಲ್ಲಿ ಕಟ್ಟಿ ಹೆಸರು ಬರೆದು ಬೇರೆ ಇಡಬೇಕು. ಸ್ಟೋರಿನ ಮೂಲೆಯಲ್ಲಿ ಉಳಿದಿರುವ ಹಳೆಯ ಉಂಡೆಗಳನ್ನು 'ಮುಗಿಯುವವರೆಗೆ ಬಳಸೋಣ' ಎನ್ನುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇಷ್ಟೆಲ್ಲ ತಾಪತ್ರಯ ಏಕೆ, ಪ್ಯಾಕಿಂಗನ್ನೇ ಬಿಟ್ಟು ಮೆಕ್ಯಾನಿಕಲ್ ಸೀಲ್ ಹಾಕಿದರಾಯಿತಲ್ಲ ಎಂಬ ವಾದಕ್ಕೆ ಬಲವಿದೆ. ಎರಡು ನುಣುಪು ಮುಖಗಳು ಒಂದಕ್ಕೊಂದು ಉಜ್ಜುತ್ತ ನೀರನ್ನು ತಡೆಯುವ ಆ ಸೀಲು ಹೆಚ್ಚುಕಡಿಮೆ ಸೋರುವುದೇ ಇಲ್ಲ, ಸ್ಲೀವು ಸವೆಸುವುದಿಲ್ಲ, ಉಜ್ಜುವಿಕೆಗೆ ಹೋಗುವ ವಿದ್ಯುತ್ತೂ ಕಡಿಮೆ. ಆಮ್ಲ, ದ್ರಾವಕ, ಎಣ್ಣೆಯ ಪಂಪುಗಳಿಗೆ ಅದೇ ಸರಿ, ಅಲ್ಲಿ ಚರ್ಚೆ ಮುಗಿದಿದೆ. ನೀರಿನ ದೊಡ್ಡ ಪಂಪುಗಳಲ್ಲಿ ಮಾತ್ರ ಮುಗಿದಿಲ್ಲ. ಪ್ಯಾಕಿಂಗ್ ಕೆಡುವುದು ನಿಧಾನವಾಗಿ, ಹನಿ ಹೆಚ್ಚಿಸಿಕೊಳ್ಳುತ್ತ, ಮುನ್ಸೂಚನೆ ಕೊಟ್ಟು. ಸೀಲು ಒಡೆದರೆ ಒಮ್ಮೆಗೇ ಒಡೆಯುತ್ತದೆ. ಪ್ಯಾಕಿಂಗನ್ನು ಪಂಪು ಬಿಚ್ಚದೆ ಬದಲಿಸಬಹುದು, ಹೋಳಾಗಿ ಬರುವ ದುಬಾರಿ ಸೀಲುಗಳನ್ನು ಬಿಟ್ಟರೆ ಉಳಿದ ಸೀಲಿಗೆ ಪಂಪನ್ನೇ ಬಿಚ್ಚಬೇಕು. ಮಳೆಗಾಲದಲ್ಲಿ ಹೂಳು ಬೆರೆತ ಹೊಳೆ ನೀರು ಬಂದಾಗ ನುಣುಪು ಮುಖಗಳಿಗೆ ಆಯುಸ್ಸು ಕಡಿಮೆ. ಬೇರಿಂಗ್ ಸಡಿಲಾದ, ಓಲಾಡುವ ಹಳೆಯ ಶಾಫ್ಟಿಗೆ ಸೀಲು ಹಾಕಿದರೆ ಪ್ಯಾಕಿಂಗ್ ತಡೆದುಕೊಂಡಷ್ಟನ್ನೂ ಅದು ತಡೆಯುವುದಿಲ್ಲ. ಊರಿಗೆ ನೀರು ಕೊಡುವ, ದೂರದ, ರಾತ್ರಿ ಒಬ್ಬನೇ ಆಪರೇಟರ್ ಇರುವ ಪಂಪ್ ಹೌಸಿಗೆ ನಾನು ಇಂದಿಗೂ ಪ್ಯಾಕಿಂಗನ್ನೇ ಆರಿಸುತ್ತೇನೆ.

ಆದರೆ ಆ ಆಯ್ಕೆಗೆ ಶರತ್ತಿದೆ, ಅದನ್ನು ಹಾಕಬಲ್ಲ ಮನುಷ್ಯ ಅಲ್ಲಿರಬೇಕು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಪಂಪು ಹಳ್ಳಿಗಳಿಗೆ ಬಂದ ಮೇಲೆ ಈ ಕೈಚಳಕ ಕಲಿಯುವ ಒಂದು ದೊಡ್ಡ ಜಾಗ ಮುಚ್ಚಿತು. ಪಂಪ್ ಹೌಸುಗಳಲ್ಲಿ ಹಳೆಯ ಫಿಟ್ಟರುಗಳು ನಿವೃತ್ತರಾದ ಜಾಗಕ್ಕೆ ಹೊರಗುತ್ತಿಗೆಯ ಹುಡುಗರು ಬರುತ್ತಾರೆ, ಗುತ್ತಿಗೆ ಮುಗಿದಾಗ ಹೋಗುತ್ತಾರೆ. ಪಂಪಿನ ಕೈಪಿಡಿ ಇಂಗ್ಲಿಷಿನಲ್ಲಿ, ಆಫೀಸಿನ ಬೀರುವಿನಲ್ಲಿ ಇರುತ್ತದೆ. ಪ್ರತಿ ಪಂಪಿನ ಪಕ್ಕದ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಹಚ್ಚಲು ಹೆಚ್ಚು ಖರ್ಚಿಲ್ಲ: ಬಾಕ್ಸಿನ ವ್ಯಾಸ, ಸ್ಲೀವಿನ ವ್ಯಾಸ, ಪ್ಯಾಕಿಂಗಿನ ಸೈಜು ಮತ್ತು ಜಾತಿ, ಎಷ್ಟು ರಿಂಗು, ಲ್ಯಾಂಟರ್ನ್ ರಿಂಗಿನ ಮುಂದೆ ಎಷ್ಟು ಹಿಂದೆ ಎಷ್ಟು, ನಿಮಿಷಕ್ಕೆ ಎಷ್ಟು ಹನಿ, ಹಿಂದಿನ ಬಾರಿ ಹಾಕಿದ ತಾರೀಖು, ಕಿತ್ತ ರಿಂಗುಗಳಲ್ಲಿ ಕಂಡದ್ದು ಏನು, ಹಾಕಿದವರ ಹೆಸರು. ಗುತ್ತಿಗೆಯ ಕರಾರಿನಲ್ಲಿ ಹಾಕಿದ ರಿಂಗುಗಳಿಗೆ ಮಾತ್ರವಲ್ಲ, ಪಂಪು ಓಡಿಸಿ ಹದಕ್ಕೆ ತರಲು ಬೇಕಾಗುವ ಮೂರು ಗಂಟೆಗೂ ಕೂಲಿ ಸೇರಿಸಬೇಕು. ಈಗ ಆ ಮೂರು ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಯಾರೂ ಅಲ್ಲಿ ನಿಲ್ಲುವುದೂ ಇಲ್ಲ.